ಕೇಳದೆ ಬಡಿಸುವುದು

ಗ್ರಿಮ್ಸ್‌ಬಿಯಲ್ಲಿ ಮಂಗಳವಾರ ಸಂಜೆ,
ಮೀನಿನ ಹೊಗೆ ಹತ್ತಿದ ಗಾಳಿಗೆ ಬೆನ್ನು ಕೊಟ್ಟು
ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ
ನಾವು ಮೂವರು, ಒಂದು ಹೀಟರು,
ಮುಚ್ಚಿಹೋದ ಶಾಲೆ ಕೊಟ್ಟ ಹನ್ನೊಂದು ಲ್ಯಾಪ್‌ಟಾಪು.
ಏಳನೆಯದರ ಬೆನ್ನಿಗೆ ಡೈನೊಸಾರ್ ಸ್ಟಿಕ್ಕರು,
ಇನ್ನೊಂದಕ್ಕೆ ಸ್ಪೇಸ್‌ಬಾರೇ ಇಲ್ಲ.
ಎಲ್ಲಕ್ಕೂ ಎರಡೇ ಜಿಬಿ ನೆನಪು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನೋಣವೆಂದರೆ
ಹಾಸಿಗೆಯೆಲ್ಲಿ, ಚಾಪೆಯ ತುಂಡು.

ಗ್ಲಿನ್ ಹ್ಯಾಸ್ನಿಪ್, ಒಂದು ಕಾಲಕ್ಕೆ
ಟ್ರಾಲರುಗಳ ರೇಡಿಯೊ ರಿಪೇರಿ ಮಾಡುತ್ತಿದ್ದವನು,
ಸಣ್ಣ ಸಿಸ್ಟಮ್ ಒಂದನ್ನು ತುಂಬಿದ್ದಾನೆ ಎಲ್ಲಕ್ಕೂ.
ಹತ್ತೊಂಬತ್ತು ಸೆಕೆಂಡಿಗೆ ಕಣ್ಣು ಬಿಡುತ್ತದೆ.
'ಹಡಗಿನಲ್ಲಿ ಬೇಡದ ಮೊಳೆಯೂ ತೂಕವೇ' ಅಂತ
ಮೂಲೆಯ ಗಡಿಯಾರವನ್ನೂ ಕಿತ್ತುಹಾಕಿದ್ದಾನೆ.
ಉಳಿದಿರುವುದು ಒಂದೇ ಜಗಳ:
ಯಾವ ಬ್ರೌಸರು?

ಹಗುರದ್ದಕ್ಕೆ ನಾನಿಟ್ಟ ಹೆಸರು ಗುಬ್ಬಿ.
ಭಾರದ್ದು ಎಮ್ಮೆ.
(ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.)
ಮೂರನೆಯದೂ ಒಂದಿತ್ತು, ನಡುಗಾತ್ರದ್ದು;
ಮೂರು ವರ್ಷದಿಂದ ಯಾರೂ ತೇಪೆ ಹಾಕಿಲ್ಲ,
ಚಿಲಕ ತುಕ್ಕು ಹಿಡಿದ ಬಾಗಿಲು.
ಅದನ್ನು ದಾಟಿ ಬ್ಯಾಂಕಿಗೆ ಹೋಗೆನ್ನಲು ಮನಸ್ಸು ಬರಲಿಲ್ಲ.

ಗ್ಲಿನ್‌ನ ಸ್ಟಾಪ್‌ವಾಚಿನಲ್ಲಿ ಗುಬ್ಬಿ ಎರಡೇ ಸೆಕೆಂಡಿಗೆ ಹಾರಿ ಬಂತು,
ಬಾಡಿಗೆ ನೆರವಿನ ಅರ್ಜಿಯನ್ನು ಕೊಕ್ಕಿನಲ್ಲಿ ತಂದಿತು:
ಹೆಸರು, ಹುಟ್ಟಿದ ದಿನ, ಪೋಸ್ಟ್‌ಕೋಡು.
'ಮುಂದೆ' ಅನ್ನುವ ಗುಂಡಿ ಇರಬೇಕಾದಲ್ಲಿ
ಬರೀ ಬಿಳಿ.

ಎಮ್ಮೆ ಎದ್ದದ್ದು ನಲವತ್ತೊಂದು ಸೆಕೆಂಡಿಗೆ.
ಫ್ಯಾನು ಕಿರುಚಿತು, ತೊಡೆ ಬಿಸಿಯಾಯಿತು,
ಮೂರನೇ ಟ್ಯಾಬಿಗೆ ಮೌಸಿನ ಬಾಣ ಕೆಸರಲ್ಲಿ ನಿಂತಿತು.
ಆದರೆ ಗುಂಡಿ ಇತ್ತು. ಹಸಿರು. ಒತ್ತಿದರೆ ಒಳಗೆ ಹೋಗುತ್ತಿತ್ತು.

'ಎರಡನ್ನೂ ಇಡೋಣ' ಎಂದ ಓಯೆಲರನ್, ಸ್ಕ್ರೂ ಬಿಗಿಯುತ್ತ.
'ಇಡೋಣ. ಆದರೆ ಕೌನ್ಸಿಲ್ಲಿನವರು ಕಳಿಸಿದ ಕೊಂಡಿ ಒತ್ತಿದಾಗ
ಎದ್ದು ಬರೋದು ಯಾವುದು?'

ಅದೇ ಪ್ರಶ್ನೆ. ಡೀಫಾಲ್ಟ್ ಅನ್ನುವ ಮಾತಿಗೆ
ನನ್ನೊಳಗೇ ಪದ ಹುಡುಕಿದೆ; ಸಿಕ್ಕಿದ್ದು
ಪಂಕ್ತಿಯಲ್ಲಿ ಎಲೆಯ ತುದಿಗೆ
ಯಾರೂ ಕೇಳದೆ ಮೊದಲು ಬೀಳುವ ಉಪ್ಪು.
ಅದನ್ನು ಯಾರೂ ಹೊಗಳುವುದಿಲ್ಲ,
ಬದಲಿಸಿ ಅನ್ನುವುದೂ ಇಲ್ಲ.
ಬಡಿಸಿದ ಕೈ ಹೇಳಿದ್ದೇ ಅಳತೆ.

ಅವರು ವಾದಿಸುತ್ತಿದ್ದಾಗ ಮೆಲ್ಲಗೆ ಗುಬ್ಬಿಯಲ್ಲಿ
ಕನ್ನಡದ ಪುಟವೊಂದು ತೆರೆದೆ, ಹುರುಳಿ ಸಾರಿನದು.
'ಒಗ್ಗರಣೆ'ಯ ಒತ್ತು ಕೆಳಗೆ ನಿಲ್ಲದೆ
ಬಾಣಲೆಯಿಂದ ಸಿಡಿದ ಸಾಸಿವೆಯ ಹಾಗೆ
ಪಕ್ಕಕ್ಕೆ ಬಿದ್ದಿತ್ತು.
ಮುಚ್ಚಿದೆ. ಹೇಳಲಿಲ್ಲ.
ಈ ಹನ್ನೊಂದರಲ್ಲಿ ಒಂದೂ
ಒಗ್ಗರಣೆ ಓದುವವರ ಮನೆಗೆ ಹೋಗುವುದಿಲ್ಲವಲ್ಲ,
ಎಂದುಕೊಂಡೆ. ಆಮೇಲೆ ಅನಿಸಿತು,
ಬಡಿಸುವವರೆಲ್ಲ ಹೀಗೇ ಅಂದುಕೊಳ್ಳುತ್ತಾರೆ.

ಬಾಗಿಲ ಬಳಿ ಕೋಟು ಬಿಚ್ಚದೆ ಕೂತಿದ್ದರು
ವಿನಿಫ್ರೆಡ್ ಸ್ಟೋದರ್, ಏಳನೇ ನಂಬರಿಗೆ ಕಾದು.
ಅವರಿದ್ದದ್ದೇ ಮರೆತಿತ್ತು ನಮಗೆ.
'ಕೌನ್ಸಿಲ್ಲಿಗೆ ಫೋನು ಮಾಡಿದರೆ
ಐವತ್ತು ನಿಮಿಷ ಪಿಟೀಲು ಕೇಳಿಸ್ತಾರೆ.
ನಲವತ್ತೊಂದು ಸೆಕೆಂಡೇನಪ್ಪಾ?
ಅಷ್ಟರಲ್ಲಿ ನನ್ನ ಕೆಟಲ್ಲೂ ಕುದಿಯಲ್ಲ.
ಗುಂಡಿ ಇರೋದನ್ನ ಕೊಡಿ.'

ಗ್ಲಿನ್ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿದ.
ಹನ್ನೊಂದಕ್ಕೂ ಎಮ್ಮೆಯನ್ನೇ ಕಟ್ಟಿದೆವು,
ಮುಖಪುಟ ಖಾಲಿ ಬಿಟ್ಟು, ಸುದ್ದಿ ಜಾಹೀರಾತು ಕಿತ್ತು,
'ಒಮ್ಮೆಗೆ ಎರಡೇ ಟ್ಯಾಬು' ಎಂಬ ಚೀಟಿ ಅಂಟಿಸಿ.
ಚೀಟಿಯನ್ನು ವಿನಿಫ್ರೆಡ್ ಅಲ್ಲೇ ಕಿತ್ತರು;
ಡೈನೊಸಾರ್ ಇರಲಿ ಎಂದರು.

ಗ್ಲಿನ್ ತನ್ನದರಲ್ಲಿ ಈಗಲೂ ಗುಬ್ಬಿಯನ್ನೇ ಸಾಕಿದ್ದಾನೆ.
ದೀಪ ಆರಿಸುವ ಮುಂಚೆ ತೆರೆದು ನೋಡುತ್ತಾನೆ
ಹಂಬರ್ ನದಿಯ ಉಬ್ಬರವಿಳಿತದ ಪಟ್ಟಿ,
ಬರೀ ಅಂಕಿ, ಚಿತ್ರವಿಲ್ಲ.
ಅಲ್ಲಿ ಗುಂಡಿ ಬೇಕಿಲ್ಲ.
ಹನ್ನೊಂದು ಇಪ್ಪತ್ತಕ್ಕೆ ನೀರು
ತಾನೇ ಬರುತ್ತದೆ.